ಸಣ್ಣ ಮೋಟಾರ್ ದೋಣಿಗೆ ನ್ಯಾವಿಗೇಷನ್ ಉಪಕರಣ: ಏನು ಕೊಳ್ಳಬೇಕು, ಯಾವ ಕ್ರಮದಲ್ಲಿ, ಹೇಗೆ ಕೂರಿಸಬೇಕು

ಐದರಿಂದ ಎಂಟು ಮೀಟರ್ ಉದ್ದದ ಮೋಟಾರ್ ದೋಣಿಗೆ ಉಪಕರಣ ಕೊಳ್ಳಲು ಹೊರಟವರು ಸಾಮಾನ್ಯವಾಗಿ ನಕ್ಷೆ ತೋರಿಸುವ ಪರದೆಯಿಂದ ಶುರು ಮಾಡುತ್ತಾರೆ. ಏಳು ಇಂಚೋ ಒಂಬತ್ತು ಇಂಚೋ ಎಂಬ ಲೆಕ್ಕಾಚಾರದಲ್ಲೇ ಹಣದ ಬಹುಪಾಲು ಕರಗುತ್ತದೆ. ಆಂಟೆನಾ, ಟ್ರಾನ್ಸ್‌ಡ್ಯೂಸರ್ (ನೀರಿಗೆ ಧ್ವನಿ ಕಳಿಸಿ ಪ್ರತಿಧ್ವನಿಯಿಂದ ಆಳ ಅಳೆಯುವ ಭಾಗ), ತಂತಿ, ಫ್ಯೂಸುಗಳಿಗೆ ಉಳಿಯುವುದು ಚಿಲ್ಲರೆ. ನೀರಿನ ಮೇಲೆ ಕೈಕೊಡುವುದು ಹೆಚ್ಚಾಗಿ ಈ ಚಿಲ್ಲರೆ ಭಾಗಗಳೇ. ಪರದೆ ತನಗೆ ಬಂದ ಸಂಕೇತವನ್ನಷ್ಟೇ ತೋರಿಸಬಲ್ಲದು. ಆದ್ದರಿಂದ ಇಲ್ಲಿ ಕೊಟ್ಟಿರುವ ಕ್ರಮ ಅಂಗಡಿಯ ಕಪಾಟಿನ ಕ್ರಮಕ್ಕಿಂತ ಬೇರೆ: ಮೊದಲು ನೀವು ಓಡಾಡುವ ನೀರು, ಆಮೇಲೆ ಕರೆಂಟು, ಆಮೇಲೆ ರೇಡಿಯೋ, ಆಳ, ನಕ್ಷೆ. ಉಳಿದದ್ದೆಲ್ಲ ಅದರ ನಂತರ.

ಮೊದಲು ಕಾಗದದ ಮೇಲೆ ಬರೆಯಿರಿ

ದಡದಿಂದ ಗರಿಷ್ಠ ಎಷ್ಟು ದೂರ ಹೋಗುತ್ತೀರಿ? ಅಲ್ಲಿನ ಆಳ ಎಷ್ಟರಿಂದ ಎಷ್ಟು? ಕತ್ತಲಲ್ಲಿ ಅಥವಾ ಮಂಜಿನಲ್ಲಿ ಓಡಿಸುವ ಸಂದರ್ಭ ಬರುತ್ತದೆಯೇ? ದೊಡ್ಡ ಹಡಗುಗಳ ದಾರಿಯನ್ನು ಅಡ್ಡ ದಾಟುತ್ತೀರಾ? ನೀವು ಸಹಾಯಕ್ಕೆ ಕೂಗಿದರೆ ಕೇಳಿಸಿಕೊಳ್ಳುವವರು ಯಾರು?

ಒಳನಾಡಿನ ಕೆರೆ ಅಥವಾ ಜಲಾಶಯದಲ್ಲಿ ಹಗಲು ಮಾತ್ರ ಓಡಾಡುವವರಿಗೆ ಆಳಮಾಪಕ, ಆ ನೀರಿನ ನಕ್ಷೆಯಿರುವ ಸಣ್ಣ ಪ್ಲಾಟರ್ (ನಕ್ಷೆಯ ಮೇಲೆ ದೋಣಿಯ ಸ್ಥಾನ ತೋರಿಸುವ ಪರದೆ), ಜಲನಿರೋಧಕ ಚೀಲದಲ್ಲಿ ಒಂದು ಫೋನ್ ಸಾಕು. ಅಲ್ಲಿ ಸಮುದ್ರ ಬ್ಯಾಂಡಿನ ರೇಡಿಯೋ ಆಲಿಸುವವರೇ ಇಲ್ಲದಿರಬಹುದು. ಸಮುದ್ರಕ್ಕೆ ಇಳಿದ ಕೂಡಲೇ ಆದ್ಯತೆ ಬದಲಾಗುತ್ತದೆ. ಅಳಿವೆ ದಾಟುವವರಿಗೆ ರೇಡಿಯೋ ಮೊದಲು, ಆಳಮಾಪಕ ಎರಡನೆಯದು, ಪ್ಲಾಟರ್ ಮೂರನೆಯದು. ಹಡಗುಗಳ ದಾರಿ ದಾಟುವುದಿದ್ದರೆ ಎಐಎಸ್ (ಹಡಗುಗಳು ತಮ್ಮ ಗುರುತು, ಸ್ಥಾನವನ್ನು ರೇಡಿಯೋದಲ್ಲಿ ತಾವೇ ಸಾರುವ ವ್ಯವಸ್ಥೆ) ಸೇರಿಸಿ. ಕತ್ತಲು, ಮಂಜು ನಿಮ್ಮ ದಿನಚರಿಯಲ್ಲಿದ್ದರೆ ಮಾತ್ರ ರೇಡಾರ್. ಈ ಪಟ್ಟಿ ಇಲ್ಲದೆ ಅಂಗಡಿಗೆ ಹೋದರೆ ರೇಡಾರ್ ಕೊಂಡು ರೇಡಿಯೋ ಆಂಟೆನಾದಲ್ಲಿ ಉಳಿತಾಯ ಮಾಡಿ ಬರುತ್ತೀರಿ.

ಕರೆಂಟಿನ ಲೆಕ್ಕ

12 ವೋಲ್ಟ್ ವ್ಯವಸ್ಥೆಯಲ್ಲಿ ಆಳಮಾಪಕ ಸಹಿತ ಏಳು ಇಂಚಿನ ಪ್ಲಾಟರ್ ಸುಮಾರು 1ರಿಂದ 1.5 ಆಂಪಿಯರ್ ಎಳೆಯುತ್ತದೆ. ವಿಎಚ್‌ಎಫ್ (ಸಮುದ್ರ ಬ್ಯಾಂಡಿನ) ರೇಡಿಯೋ ಸುಮ್ಮನೆ ಆಲಿಸುವಾಗ ಅರ್ಧ ಆಂಪಿಯರಿನೊಳಗೆ, 25 ವ್ಯಾಟ್‌ನಲ್ಲಿ ಮಾತಾಡುವಾಗ 5ರಿಂದ 6 ಆಂಪಿಯರ್. ಸಣ್ಣ ಗುಮ್ಮಟದ ರೇಡಾರ್ ಸುಮಾರು 2ರಿಂದ 3 ಆಂಪಿಯರ್. ರೇಡಾರ್ ಇಲ್ಲದ ದೋಣಿಗೆ ದೀಪಗಳನ್ನೂ ಸೇರಿಸಿ 2.5 ಆಂಪಿಯರ್ ಹಿಡಿದರೆ, ಎಂಟು ಗಂಟೆಗೆ 20 ಆಂಪಿಯರ್-ಗಂಟೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ಕನಿಷ್ಠ 40 ಆಂಪಿಯರ್-ಗಂಟೆಯದು ಬೇಕು. 60 ಇದ್ದರೆ ನೆಮ್ಮದಿ. ಎಂಜಿನ್ ಹೇಗೂ ಚಾರ್ಜ್ ಮಾಡುತ್ತದಲ್ಲ ಎಂದು ನಂಬಿ ಕೂರಬೇಡಿ. ಔಟ್‌ಬೋರ್ಡ್ ಎಂಜಿನ್ನಿನ ಪುಸ್ತಕದಲ್ಲಿ ಬರೆದಿರುವ ಆಂಪಿಯರ್ ವೇಗದ ಓಟದಲ್ಲಿ ಸಿಗುವಂಥದ್ದು. ಗಾಳ ಹಾಕಿಕೊಂಡು ನಿಧಾನ ಸಾಗುವಾಗ ಅದರ ಸಣ್ಣ ಪಾಲಷ್ಟೇ ಬರುತ್ತದೆ.

ಉಪಕರಣಗಳಿಗೆ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಬಳಸಬೇಡಿ. ಸ್ಟಾರ್ಟರ್ ತಿರುಗುವ ಕ್ಷಣ ವೋಲ್ಟೇಜು ಹತ್ತಕ್ಕಿಂತ ಕೆಳಗೆ ಕುಸಿಯಬಹುದು. ಪ್ಲಾಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಬಂಡೆಯ ಹತ್ತಿರ ಎಂಜಿನ್ ನಿಂತು ಮತ್ತೆ ಸ್ಟಾರ್ಟ್ ಮಾಡುವಾಗಲೇ ಪರದೆ ಕಪ್ಪಾದರೆ ಅದು ಎರಡನೇ ಸಂಕಟ.

ತಂತಿಯ ದಪ್ಪವನ್ನು ಅಂದಾಜಿನಲ್ಲಿ ಆರಿಸಬೇಡಿ. ಬ್ಯಾಟರಿಯಿಂದ ಚುಕ್ಕಾಣಿಯ ಬಳಿಗೆ 5 ಮೀಟರ್ ಎಂದಿಟ್ಟುಕೊಳ್ಳಿ. ಕರೆಂಟು ಹೋಗಿ ಬರಬೇಕು, ಹಾಗಾಗಿ ಲೆಕ್ಕ 10 ಮೀಟರಿಗೆ. ರೇಡಿಯೋದ 6 ಆಂಪಿಯರಿಗೆ 1 ಚದರ ಮಿಮೀ ತಾಮ್ರದ ತಂತಿಯಲ್ಲಿ ಸುಮಾರು 1 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 2.5 ಚದರ ಮಿಮೀ ಆದರೆ 0.4, 4 ಚದರ ಮಿಮೀ ಆದರೆ 0.26 ವೋಲ್ಟ್. ಮುಖ್ಯ ಉಪಕರಣಗಳಿಗೆ ಶೇಕಡಾ 3, ಅಂದರೆ 0.36 ವೋಲ್ಟ್ ಮೀರಬಾರದು ಎಂಬುದು ಒಳ್ಳೆಯ ಮಿತಿ; ಹಾಗಾಗಿ ಇಲ್ಲಿ 4 ಚದರ ಮಿಮೀ. ತವರ ಲೇಪಿತ ಎಳೆತಂತಿಯನ್ನೇ ಕೊಳ್ಳಿ. ಉಪ್ಪುಗಾಳಿಗೆ ಬರೀ ತಾಮ್ರ ಹೊದಿಕೆಯೊಳಗೇ ಕಪ್ಪಾಗುತ್ತ ಹೋಗುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಮುಖ್ಯ ಫ್ಯೂಸು ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಇರಲಿ. ಅದಕ್ಕೂ ಮೊದಲಿನ ತಂತಿ ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ತಡೆಯುವುದಕ್ಕೆ ಏನೂ ಇರುವುದಿಲ್ಲ. ಪ್ರತಿ ಉಪಕರಣಕ್ಕೂ ಅದರ ಕೈಪಿಡಿ ಹೇಳುವ ಫ್ಯೂಸು ಬೇರೆಯಾಗಿರಬೇಕು; ಒಂದರ ಶಾರ್ಟಿಗೆ ಎಲ್ಲವೂ ಆರಬಾರದು.

ರೇಡಿಯೋ: ವ್ಯಾಟ್‌ಗಿಂತ ಎತ್ತರ ಮುಖ್ಯ

ಕೂರಿಸುವ ಮಾದರಿಯ ವಿಎಚ್‌ಎಫ್ ಸೆಟ್ಟಿನ ಗರಿಷ್ಠ ಶಕ್ತಿ 25 ವ್ಯಾಟ್, ಕೈಸೆಟ್ಟಿನದು 5 ಅಥವಾ 6. ಆದರೆ ಈ ತರಂಗಗಳು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಸಾಗುತ್ತವೆ. ಭೂಮಿಯ ಬಾಗು ಅಡ್ಡ ಬಂದಲ್ಲಿಗೆ ಮಾತು ನಿಲ್ಲುತ್ತದೆ. ಲೆಕ್ಕ ಸುಲಭ. ಆಂಟೆನಾದ ಎತ್ತರ ಮೀಟರಿನಲ್ಲಿ ಎಷ್ಟೋ ಅದರ ವರ್ಗಮೂಲವನ್ನು 2.2ರಿಂದ ಗುಣಿಸಿದರೆ ನಾಟಿಕಲ್ ಮೈಲಿಯಲ್ಲಿ (ಒಂದು ಎಂದರೆ ಸುಮಾರು 1.85 ಕಿಮೀ) ಅದರ ದಿಗಂತ ಸಿಗುತ್ತದೆ. 2.5 ಮೀಟರ್ ಎತ್ತರಕ್ಕೆ 3.5 ಮೈಲಿ. ಅಂಥ ಎರಡು ದೋಣಿಗಳ ನಡುವೆ ಒಟ್ಟು 7 ಮೈಲಿ. ಕೂತು ಮಾತಾಡುವಾಗ ಕೈಸೆಟ್ಟಿನ ಎತ್ತರ ನೀರಿನಿಂದ ಒಂದು ಮೀಟರ್; ಅಂಥ ಎರಡು ಸೆಟ್ಟುಗಳ ನಡುವೆ 4.4 ಮೈಲಿ ಮಾತ್ರ, ಅದೂ ಉತ್ತಮ ಸ್ಥಿತಿಯಲ್ಲಿ. ದಡದ ಕೇಂದ್ರದ ಆಂಟೆನಾ ನೂರು ಮೀಟರ್ ಎತ್ತರದಲ್ಲಿದ್ದರೆ 22 ಮೈಲಿ ಅದರದ್ದೇ ಆಗುತ್ತದೆ, ನಿಮ್ಮದು ಸೇರಿ 25 ದಾಟುತ್ತದೆ. ಹಾಗಾಗಿ ಖರ್ಚು ಮಾಡಬೇಕಾದದ್ದು ಆಂಟೆನಾ ಮತ್ತು ಅದರ ಕೇಬಲ್ ಮೇಲೆ.

ಆಂಟೆನಾಗಳನ್ನು 3, 6, 9 ಡೆಸಿಬೆಲ್ ಎಂದು ಮಾರುತ್ತಾರೆ. ಅಂಕಿ ಹೆಚ್ಚಿದಷ್ಟೂ ಶಕ್ತಿ ದಿಗಂತದತ್ತ ತೆಳ್ಳಗಿನ ಪದರವಾಗಿ ಹರಡುತ್ತದೆ. ಅಲೆಗೆ ಹೊರಳುವ ಸಣ್ಣ ದೋಣಿಯಲ್ಲಿ 9 ಡೆಸಿಬೆಲ್ ಆಂಟೆನಾದ ತೆಳು ಪದರ ಒಮ್ಮೆ ನೀರಿಗೆ, ಒಮ್ಮೆ ಆಕಾಶಕ್ಕೆ ತಿರುಗಿ ಮಾತು ತುಂಡಾಗುತ್ತದೆ. ಸುಮಾರು 2.4 ಮೀಟರ್ ಉದ್ದದ 6 ಡೆಸಿಬೆಲ್ ಫೈಬರ್‌ಗ್ಲಾಸ್ ಆಂಟೆನಾ ಈ ಗಾತ್ರದ ದೋಣಿಗೆ ಸರಿಯಾದ ಆಯ್ಕೆ. ಬಹಳ ಹೊರಳುವ ದೋಣಿಗೆ 3 ಡೆಸಿಬೆಲ್‌ನ ಗಿಡ್ಡ ಆಂಟೆನಾ.

ಕೇಬಲ್ ವಿಚಾರದಲ್ಲಿ ಹೇಳಲೇಬೇಕಾದದ್ದು: ಸಪೂರ ಆರ್‌ಜಿ-58 ಕೇಬಲ್ ಆರು ಮೀಟರಿನಲ್ಲಿ ಒಂದು ಡೆಸಿಬೆಲ್‌ಗಿಂತ ಹೆಚ್ಚು ತಿನ್ನುತ್ತದೆ, ಅಂದರೆ ಶಕ್ತಿಯ ಸುಮಾರು ಕಾಲು ಭಾಗ ಕೇಬಲ್ಲಿನಲ್ಲೇ ಬಿಸಿಯಾಗಿ ಹೋಗುತ್ತದೆ. ಆರ್‌ಜಿ-8ಎಕ್ಸ್ ಅದಕ್ಕಿಂತ ಉತ್ತಮ, ದಪ್ಪಗಿನ ಆರ್‌ಜಿ-213 ಇನ್ನೂ ಉತ್ತಮ. ಆದರೂ ಹೆಚ್ಚಿನ ದೂರುಗಳ ಮೂಲ ತುದಿಯ ಪಿಎಲ್-259 ಕನೆಕ್ಟರ್. ಹೊರಗಿನ ಹೆಣಿಗೆಯ ಒಂದು ಎಳೆ ಒಳಗಿನ ತಂತಿಗೆ ತಾಕಿದರೂ ರೇಡಿಯೋ ಹತ್ತಿರದವರಿಗೆ ಕೇಳಿಸುತ್ತದೆ, ದೂರದವರಿಗೆ ಇಲ್ಲ. ಹಾಗಾಗಿ ದೋಷ ವರ್ಷಗಟ್ಟಲೆ ಪತ್ತೆಯಾಗುವುದೇ ಇಲ್ಲ. ಜೋಡಿಸಿದ ಮೇಲೆ ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾದಿಂದ ಎಷ್ಟು ಶಕ್ತಿ ಹಿಂದಿರುಗುತ್ತಿದೆ ಎಂದು ತೋರಿಸುವಂಥದ್ದು) ಹಾಕಿ ಅಳೆಯಿರಿ. 1.5ರೊಳಗೆ ಇದ್ದರೆ ಚೆನ್ನ, 2ರವರೆಗೆ ನಡೆಯುತ್ತದೆ, 3 ದಾಟಿದರೆ ಕನೆಕ್ಟರ್ ಬಿಚ್ಚಿ ಮತ್ತೆ ಮಾಡಿ. ಹೊರಗಿನ ಜೋಡಣೆಗೆ ತನ್ನಲ್ಲೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ.

ಸೆಟ್ಟಿನಲ್ಲಿ ಡಿಎಸ್‌ಸಿ, ಅಂದರೆ ಗುಂಡಿ ಒತ್ತಿ ಡಿಜಿಟಲ್ ಕರೆ ಕಳಿಸುವ ಸೌಲಭ್ಯ ಇರಲೇಬೇಕು. ಮುಚ್ಚಳದ ಕೆಳಗಿನ ಕೆಂಪು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಅದು ಚಾನೆಲ್ 70ರಲ್ಲಿ ನಿಮ್ಮ ಗುರುತಿನ ಸಂಖ್ಯೆ ಮತ್ತು ಸ್ಥಾನವನ್ನು ತಾನೇ ಕಳಿಸುತ್ತದೆ. ಮಾತು ಚಾನೆಲ್ 16ರಲ್ಲಿ ಮುಂದುವರಿಯುತ್ತದೆ. ಇದಕ್ಕೆ ಎರಡು ಷರತ್ತು. ಎಂಎಂಎಸ್‌ಐ ಎಂಬ ಒಂಬತ್ತು ಅಂಕಿಯ ಆ ಗುರುತಿನ ಸಂಖ್ಯೆಯನ್ನು ನಿಮ್ಮ ದೇಶದ ಅಧಿಕೃತ ಸಂಸ್ಥೆಯಿಂದ ಪಡೆದು ತುಂಬಿಸಿರಬೇಕು. ಹಲವು ಸೆಟ್ಟುಗಳು ಅದನ್ನು ಒಂದೆರಡು ಬಾರಿಗಿಂತ ಹೆಚ್ಚು ಬದಲಿಸಲು ಬಿಡುವುದಿಲ್ಲ, ನೋಡಿಕೊಂಡು ಒತ್ತಿ. ಎರಡನೆಯದು, ಸೆಟ್ಟಿಗೆ ಜಿಪಿಎಸ್ ಸ್ಥಾನ ಸಿಗುತ್ತಿರಬೇಕು. ಒಳಗೇ ಜಿಪಿಎಸ್ ಇರುವ ಸೆಟ್ಟನ್ನೇ ಕೊಂಡರೆ ಪ್ಲಾಟರ್ ಸತ್ತರೂ ಕರೆಯ ಜೊತೆ ಸ್ಥಾನ ರವಾನೆಯಾಗುತ್ತದೆ. ಈ ಒಂದು ಕಾರಣಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದು ಖಂಡಿತ ಸರಿ.

ಆಳಮಾಪಕ: ಟ್ರಾನ್ಸ್‌ಡ್ಯೂಸರಿನ ಜಾಗವೇ ಎಲ್ಲ

ಮೊದಲು ಒಂದು ಮಿತಿ ತಿಳಿದಿರಲಿ. ಆಳಮಾಪಕ ಹೇಳುವುದು ದೋಣಿಯ ಅಡಿಯ ಆಳ, ಮುಂದಿನದ್ದಲ್ಲ. 20 ನಾಟ್ ವೇಗದಲ್ಲಿ ನೀವು ಸೆಕೆಂಡಿಗೆ ಹತ್ತು ಮೀಟರ್ ಓಡುತ್ತಿರುತ್ತೀರಿ. ಅಂಕಿ ಕಂಡು, ಅರ್ಥವಾಗಿ, ಕೈ ಥ್ರಾಟಲ್ಲಿಗೆ ಹೋಗುವಷ್ಟರಲ್ಲಿ ಇಪ್ಪತ್ತು ಮೀಟರ್ ಮುಗಿದಿರುತ್ತದೆ. ಗೊತ್ತಿಲ್ಲದ ನೀರಿನಲ್ಲಿ ನಿಧಾನವಾಗಿ ಸಾಗಿದರಷ್ಟೇ ಅದು ಕಾಯುತ್ತದೆ.

ಮೂವತ್ತು-ನಲವತ್ತು ಮೀಟರಿನೊಳಗಿನ ನೀರಿಗೆ 200 ಕಿಲೋಹರ್ಟ್ಸ್ ಸಾಕು. ಅದರ ಕಿರಣ ಕಿರಿದು, ತಳ ಸ್ಪಷ್ಟ. 50 ಕಿಲೋಹರ್ಟ್ಸ್ ಆಳಕ್ಕೆ ಇಳಿಯುತ್ತದೆ, ಆದರೆ ಕಿರಣ ಅಗಲವಾಗಿ ಇಳಿಜಾರಿನ ಪಕ್ಕದ ಎತ್ತರವನ್ನೇ ತಳವೆಂದು ತೋರಿಸಬಹುದು. ಚಿರ್ಪ್ ತಂತ್ರದ ಸೆಟ್ಟುಗಳು ಒಂದೇ ಆವರ್ತನದ ಬದಲು ಒಂದು ಶ್ರೇಣಿಯನ್ನೇ ಬೀಸಿ ಒತ್ತೊತ್ತಾದ ಗುರಿಗಳನ್ನು ಬೇರೆಯಾಗಿ ತೋರಿಸುತ್ತವೆ. 455 ಅಥವಾ 800 ಕಿಲೋಹರ್ಟ್ಸ್‌ನ ಚಿತ್ರದಂಥ ನೋಟ ಕಡಿಮೆ ಆಳದ ಬಂಡೆ, ಮರದ ಬೊಡ್ಡೆಗಳಿಗೆ ಚೆನ್ನ. ಬರೀ ಸುರಕ್ಷಿತವಾಗಿ ಹೋಗಿ ಬರುವವರಿಗೆ ಅದು ಅನಿವಾರ್ಯವಲ್ಲ.

ಸಣ್ಣ ದೋಣಿಗೆ ಸಾಮಾನ್ಯವಾಗಿ ಹಿಂಬದಿ ಹಲಗೆಗೆ ಕೂರಿಸುವ ಮಾದರಿ ಹೊಂದುತ್ತದೆ. ಜಾಗ ಆರಿಸಲು ದೋಣಿಯನ್ನು ಓಡಿಸಿ ಹಿಂದೆ ನೋಡಿ: ಗುಳ್ಳೆಯಿಲ್ಲದೆ ನುಣುಪಾಗಿ ನೀರು ಬಿಡುವ ಪಟ್ಟಿ ಎಲ್ಲಿದೆಯೋ ಅದೇ ಜಾಗ. ತಳದ ಉಬ್ಬುಪಟ್ಟಿ, ರಿವೆಟ್ ಸಾಲು, ನೀರೆಳೆಯುವ ತೂತು, ಇವುಗಳ ನೇರ ಹಿಂದೆ ಬೇಡ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಬಲಕ್ಕೆ ತಿರುಗುವುದಾದರೆ ಬಲಬದಿಯಲ್ಲಿ ಕೂರಿಸಿ. ಅಲ್ಲಿ ಅಲಗುಗಳು ಕೆಳಮುಖವಾಗಿ ಚಲಿಸುವುದರಿಂದ ಗುಳ್ಳೆಯ ಕಾಟ ಕಡಿಮೆ. ಪ್ರೊಪೆಲ್ಲರಿನಿಂದ ಕನಿಷ್ಠ 40 ಸೆಂಟಿಮೀಟರ್ ದೂರ ಬಿಡಿ. ಟ್ರಾನ್ಸ್‌ಡ್ಯೂಸರಿನ ಮುಖ ಫೈಬರ್‌ಗ್ಲಾಸ್ ದೋಣಿಯಲ್ಲಿ ತಳಕ್ಕಿಂತ ಸುಮಾರು 3 ಮಿಮೀ ಕೆಳಗೆ, ಅಲ್ಯೂಮಿನಿಯಂ ದೋಣಿಯಲ್ಲಿ ಸುಮಾರು 10 ಮಿಮೀ ಕೆಳಗೆ ಇರಲಿ. ವೇಗ ಹೆಚ್ಚಿಸಿದಾಗ ಅಂಕಿ ಮಾಯವಾದರೆ ಮೂರು ಮೂರು ಮಿಮೀ ಇಳಿಸುತ್ತ ನೋಡಿ. ಹಿಂದೆ ನೀರು ಕಾರಂಜಿಯಂತೆ ಚಿಮ್ಮಿದರೆ ಅತಿಯಾಗಿ ಇಳಿಸಿದ್ದೀರಿ. ಮೊದಲೇ ಒಂದು ಪ್ಲಾಸ್ಟಿಕ್ ಹಲಗೆಯನ್ನು ಶಾಶ್ವತವಾಗಿ ಅಂಟಿಸಿ, ಟ್ರಾನ್ಸ್‌ಡ್ಯೂಸರನ್ನು ಅದರ ಮೇಲೆ ಸ್ಕ್ರೂ ಮಾಡಿದರೆ ಪ್ರತಿ ಹೊಂದಾಣಿಕೆಗೂ ದೋಣಿಗೆ ಹೊಸ ತೂತು ಕೊರೆಯಬೇಕಿಲ್ಲ. ಕೊರೆದ ತೂತುಗಳಿಗೆ ನೀರಿನ ಮಟ್ಟದ ಕೆಳಗೆ ಬಳಸಬಹುದಾದ ಸಮುದ್ರ ಸೀಲೆಂಟ್ ತುಂಬಿ.

ಒಳಗಿನಿಂದ ತಳಕ್ಕೆ ಅಂಟಿಸುವ ಮಾದರಿಯಲ್ಲಿ ತೂತೇ ಬೇಡ. ಆದರೆ ಅದು ಗಟ್ಟಿ ಫೈಬರ್‌ಗ್ಲಾಸ್ ಮೂಲಕ ಮಾತ್ರ ಕೆಲಸ ಮಾಡುತ್ತದೆ. ನಡುವೆ ಫೋಮ್ ಅಥವಾ ಹಗುರ ಮರದ ಪದರವಿದ್ದರೆ ಧ್ವನಿ ಅಲ್ಲೇ ಸಾಯುತ್ತದೆ. ಅಂಟಿಸುವ ಮೊದಲು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಟ್ರಾನ್ಸ್‌ಡ್ಯೂಸರ್ ಇಟ್ಟು ತಳಕ್ಕೆ ಒತ್ತಿ ಹಿಡಿದು ಆಳ ಓದಿ. ನಂತರ ದೋಣಿಯ ಪಕ್ಕದಿಂದ ನೀರಿಗೆ ಇಳಿಬಿಟ್ಟು ಓದಿ. ಎರಡೂ ಹೊಂದಿದರೆ ಎಪಾಕ್ಸಿ ಹಾಕಿ, ಗುಳ್ಳೆ ಒಂದೂ ಉಳಿಯದಂತೆ ತಿರುಚಿ ಕೂರಿಸಿ. ಈ ಮಾದರಿ ನೀರಿನ ಉಷ್ಣತೆಯನ್ನು ಸರಿಯಾಗಿ ಹೇಳಲಾರದು. ತಳ ತೂರಿಸುವ ಮಾದರಿ ಆರಿಸಿದರೆ ಲೋಹ ನೋಡಿಕೊಳ್ಳಿ: ಅಲ್ಯೂಮಿನಿಯಂ ದೋಣಿಗೆ ಕಂಚಿನದು ಬೇಡ, ಅಲ್ಯೂಮಿನಿಯಂ ಕೊರೆದುಹೋಗುತ್ತದೆ; ಮರದ ದೋಣಿಗೆ ಪ್ಲಾಸ್ಟಿಕ್ಕಿನದು ಬೇಡ, ಮರ ಉಬ್ಬಿದಾಗ ಅದು ಬಿರಿಯುತ್ತದೆ.

ಆಳದ ಅಂಕಿ ನೀರಿನ ಮೇಲ್ಮೈಯಿಂದಲೋ, ಎಂಜಿನ್ನಿನ ಕೆಳತುದಿಯಿಂದಲೋ ಎಂದು ಸೆಟ್ಟಿಂಗಿನಲ್ಲಿ ನಿರ್ಧರಿಸಿ, ಪರದೆಯ ಪಕ್ಕದಲ್ಲೇ ಒಂದು ಚೀಟಿ ಅಂಟಿಸಿ. ಚುಕ್ಕಾಣಿ ಹಿಡಿದವರು ಬದಲಾದಾಗ ಈ ಗೊಂದಲ ಎಂಜಿನ್ನಿನ ತುದಿಯನ್ನು ಬಲಿ ತೆಗೆದುಕೊಳ್ಳುತ್ತದೆ.

ಪ್ಲಾಟರ್: ಮೊದಲು ನಕ್ಷೆ, ಆಮೇಲೆ ಪೆಟ್ಟಿಗೆ

ಒಂದು ಕಂಪನಿಯ ನಕ್ಷೆ ಕಾರ್ಡು ಇನ್ನೊಂದರ ಪ್ಲಾಟರಿನಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ. ಆದ್ದರಿಂದ ನಿಮ್ಮ ನೀರಿನ ಅತ್ಯುತ್ತಮ ನಕ್ಷೆ ಯಾರದ್ದು ಎಂದು ಮೊದಲು ನೋಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಬಂಡೆ ಅಥವಾ ಮರಳದಿಬ್ಬವನ್ನು ಅದರಲ್ಲಿ ಹುಡುಕಿ. ಅದು ಇಲ್ಲದಿದ್ದರೆ ಗೊತ್ತಿಲ್ಲದ ಬಂಡೆಗಳ ಬಗ್ಗೆ ಅದನ್ನು ಹೇಗೆ ನಂಬುವುದು?

ಜಿಪಿಎಸ್ ನಿಮ್ಮ ಸ್ಥಾನವನ್ನು ಕೆಲವೇ ಮೀಟರ್ ನಿಖರತೆಯಲ್ಲಿ ಹೇಳುತ್ತದೆ. ನಕ್ಷೆ ಅಷ್ಟು ನಿಖರವಲ್ಲ. ಅಧಿಕೃತ ಎಲೆಕ್ಟ್ರಾನಿಕ್ ನಕ್ಷೆಗಳಲ್ಲಿ ಸಮೀಕ್ಷೆಯ ಗುಣಮಟ್ಟಕ್ಕೆ ದರ್ಜೆಗಳಿವೆ: ಎ1 ದರ್ಜೆಯಲ್ಲಿ ಸ್ಥಾನದ ತಪ್ಪು 5 ಮೀಟರಿನೊಳಗೆ, ಬಿ ದರ್ಜೆಯಲ್ಲಿ 50, ಸಿ ದರ್ಜೆಯಲ್ಲಿ 500 ಮೀಟರ್. ಸಿ ದರ್ಜೆಯ ನೀರಿನಲ್ಲಿ ಬಂಡೆಯ ಗುರುತಿನಿಂದ ನೂರು ಮೀಟರ್ ಪಕ್ಕ ಹೋಗುವುದು ಬಂಡೆಯ ಮೇಲೇ ಹೋಗುವುದಾಗಬಹುದು.

ಝೂಮ್ ಇನ್ನೊಂದು ಬಲೆ. ವೆಕ್ಟರ್ ನಕ್ಷೆ (ಬಿಡಿ ವಿವರಗಳಿಂದ ಪರದೆಯಲ್ಲೇ ಚಿತ್ರಿಸುವ ಎಲೆಕ್ಟ್ರಾನಿಕ್ ನಕ್ಷೆ) ದೂರದ ನೋಟದಲ್ಲಿ ಸಣ್ಣ ವಿವರಗಳನ್ನು ಮರೆಮಾಡುತ್ತದೆ. 2014ರ ನವೆಂಬರಿನಲ್ಲಿ ವೋಲ್ವೊ ಓಷನ್ ರೇಸ್‌ನ ವೆಸ್ಟಾಸ್ ವಿಂಡ್ ಹಾಯಿಹಡಗು ಹಿಂದೂ ಮಹಾಸಾಗರದ ಕಾರ್ಗಾಡೋಸ್ ಕಾರಾಜೋಸ್ ಹವಳದಿಬ್ಬಕ್ಕೆ ರಾತ್ರಿ ಅಪ್ಪಳಿಸಿತು. ನುರಿತ ತಂಡ, ಉತ್ತಮ ಉಪಕರಣ. ಆದರೆ ನೋಡಿದ ಝೂಮ್ ಮಟ್ಟದಲ್ಲಿ ಆ ದಿಬ್ಬದ ಅಪಾಯ ಕಾಣುತ್ತಿರಲಿಲ್ಲ. ದಾರಿ ಗುರುತಿಸಿದ ಮೇಲೆ ಹತ್ತಿರದ ಝೂಮ್‌ನಲ್ಲಿ ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಸರಿಸುತ್ತ ನೋಡಿ. ಪ್ಲಾಟರ್ ತಾನೇ ಎಳೆದ ದಾರಿಗಂತೂ ಇದು ತಪ್ಪದೇ ಬೇಕು.

ಗಾತ್ರ: ಒಂದು ಹೊತ್ತಿಗೆ ಒಂದೇ ನೋಟ ಸಾಕೆಂದರೆ ಏಳು ಇಂಚು, ನಕ್ಷೆ ಮತ್ತು ಆಳಮಾಪಕ ಅಕ್ಕಪಕ್ಕ ಬೇಕೆಂದರೆ ಒಂಬತ್ತು. ತೆರೆದ ದೋಣಿಗೆ ಹೊಳಪು ಸುಮಾರು 1000 ನಿಟ್ ಇರಲಿ. ನಿಮ್ಮ ಪೋಲರೈಸ್ಡ್ ಕನ್ನಡಕ ಹಾಕಿಕೊಂಡೇ ಅಂಗಡಿಯಲ್ಲಿ ಪರದೆ ನೋಡಿ. ಕೆಲವು ಪರದೆಗಳು ಅದರಲ್ಲಿ ಕಪ್ಪಾಗಿ ಕಾಣುತ್ತವೆ. ಒದ್ದೆ ಬೆರಳು, ಕುಲುಕುವ ದೋಣಿ, ಇವೆರಡೂ ಸೇರಿದಾಗ ಸ್ಪರ್ಶಪರದೆ ಮೊಂಡಾಗುತ್ತದೆ. ಗುಂಡಿಗಳೂ ಇರುವ ಮಾದರಿ ನಮ್ಮ ಆಯ್ಕೆ.

ಜಿಪಿಎಸ್ ಹೇಳುವುದು ದೋಣಿ ಸಾಗುತ್ತಿರುವ ದಿಕ್ಕು, ಮೂತಿ ನೋಡುತ್ತಿರುವ ದಿಕ್ಕಲ್ಲ. ನಿಂತ ದೋಣಿಯಲ್ಲಿ ಬಾಣ ಸುಮ್ಮನೆ ಸುತ್ತುತ್ತಿರುತ್ತದೆ. ರೇಡಾರ್ ಚಿತ್ರವನ್ನು ನಕ್ಷೆಯ ಮೇಲೆ ಹೊದಿಸಬೇಕಾದರೆ ಅಥವಾ ಆಟೋಪೈಲಟ್ ಬೇಕಾದರೆ ಪ್ರತ್ಯೇಕ ದಿಕ್ಕಿನ ಸೆನ್ಸರ್ ಬೇಕು. ಅದನ್ನು ಕಬ್ಬಿಣ, ಸ್ಪೀಕರ್, ದಪ್ಪ ಬ್ಯಾಟರಿ ತಂತಿಗಳಿಂದ ಒಂದು ಮೀಟರ್ ದೂರವಿಡಿ.

ಎಐಎಸ್, ರೇಡಾರ್

ಎಐಎಸ್ ರಿಸೀವರ್ ಇದ್ದರೆ ಹಡಗುಗಳು ನಿಮಗೆ ಕಾಣುತ್ತವೆ, ನೀವು ಅವಕ್ಕೆ ಕಾಣುವುದಿಲ್ಲ. ಕಾಣಬೇಕಾದರೆ ನಿಮ್ಮ ಸ್ಥಾನವನ್ನೂ ಕಳಿಸುವ ಕ್ಲಾಸ್ ಬಿ ಟ್ರಾನ್ಸ್‌ಪಾಂಡರ್. 2 ವ್ಯಾಟ್‌ನ ಸಾಮಾನ್ಯ ಮಾದರಿ 2 ನಾಟ್ ಮೀರಿದಾಗ 30 ಸೆಕೆಂಡಿಗೊಮ್ಮೆ ಕಳಿಸುತ್ತದೆ. 20 ನಾಟ್‌ನಲ್ಲಿ ಅಷ್ಟು ಹೊತ್ತಿಗೆ ನೀವು 300 ಮೀಟರ್ ಮುಂದೆ ಹೋಗಿರುತ್ತೀರಿ. ವೇಗದ ದೋಣಿಗೆ 5 ವ್ಯಾಟ್‌ನ, ಇನ್ನೂ ಬೇಗ ಬೇಗ ಕಳಿಸುವ ಎಸ್‌ಒಟಿಡಿಎಂಎ ಮಾದರಿ ಲೇಸು. ಎಐಎಸ್ ಇಲ್ಲದ ಮೀನುಗಾರರ ದೋಣಿ ಪರದೆಯಲ್ಲಿ ಎಂದೂ ಬಾರದು, ಕಣ್ಣು ಹೊರಗಿರಲಿ.

45 ಸೆಂಟಿಮೀಟರ್ ಗುಮ್ಮಟದ ರೇಡಾರಿನ ಕಿರಣ ಸುಮಾರು 5 ಡಿಗ್ರಿ ಅಗಲ. ಒಂದು ನಾಟಿಕಲ್ ಮೈಲಿ ದೂರದಲ್ಲಿ ಅದು 160 ಮೀಟರ್ ಆಗುತ್ತದೆ. ಅಷ್ಟರೊಳಗಿನ ಎರಡು ದೋಣಿಗಳು ಒಂದೇ ಚುಕ್ಕಿ. ಅಳಿವೆಯ ಕಿರಿದಾದ ಬಾಯಿ ಹತ್ತಿರ ಹೋಗುವವರೆಗೆ ತೆರೆದುಕೊಳ್ಳುವುದಿಲ್ಲ. ಇದನ್ನು ಓದಲು ಅಭ್ಯಾಸ ಬೇಕು, ಅದೂ ಹಗಲಿನ ತಿಳಿ ಹವೆಯಲ್ಲಿ, ಕಣ್ಣಿಗೆ ಕಂಡದ್ದನ್ನು ಪರದೆಯ ಜೊತೆ ತಾಳೆ ನೋಡುತ್ತ.

ಒಂದಕ್ಕೊಂದು ಜೋಡಿಸುವುದು

ಹೊಸ ಉಪಕರಣಗಳು ಎನ್‌ಎಂಇಎ 2000 ಜಾಲದಲ್ಲಿ ಮಾತಾಡುತ್ತವೆ: ಒಂದು ಬೆನ್ನೆಲುಬಿನ ಕೇಬಲ್, ಅದರ ಎರಡು ತುದಿಗೆ 120 ಓಮ್‌ನ ಒಂದೊಂದು ಟರ್ಮಿನೇಟರ್, ನಡುವೆ ಟಿ ಕನೆಕ್ಟರ್‌ಗಳು, ಪ್ರತಿ ಟಿಯಿಂದ ಉಪಕರಣಕ್ಕೆ ಗರಿಷ್ಠ 6 ಮೀಟರ್ ಕವಲು. ಜಾಲಕ್ಕೆ ಒಂದೇ ಕಡೆಯಿಂದ, ತನ್ನದೇ ಫ್ಯೂಸಿನ ಮೂಲಕ 12 ವೋಲ್ಟ್ ಕೊಡಿ. ಉಪಕರಣ ಬರುತ್ತಾ ಹೋಗುತ್ತಾ ಇದ್ದರೆ ಕರೆಂಟು ತೆಗೆದು ಎರಡು ಡೇಟಾ ಪಿನ್‌ಗಳ ನಡುವೆ ಮೀಟರ್ ಹಿಡಿಯಿರಿ. 60 ಓಮ್ ಬಂದರೆ ಸರಿ. 120 ಬಂದರೆ ಒಂದು ಟರ್ಮಿನೇಟರ್ ಇಲ್ಲ ಅಥವಾ ಕೇಬಲ್ ತುಂಡಾಗಿದೆ. 40 ಬಂದರೆ ಯಾರೋ ಮೂರನೆಯದು ಹಾಕಿದ್ದಾರೆ. ಹಳೆಯ ಎನ್‌ಎಂಇಎ 0183 ಉಪಕರಣದಲ್ಲಿ ಒಬ್ಬ ಹೇಳುವವ, ಹಲವರು ಕೇಳುವವರು. ಸಾಮಾನ್ಯ ವೇಗ ಸೆಕೆಂಡಿಗೆ 4800 ಬಿಟ್, ಎಐಎಸ್‌ಗೆ 38400. ವೇಗ ಹೊಂದದಿದ್ದರೆ ತಂತಿ ಸರಿಯಿದ್ದರೂ ಪರದೆ ಖಾಲಿ.

ನೀರಿಗಿಳಿದು ಪರೀಕ್ಷೆ

1. ದಿಕ್ಸೂಚಿ ನೋಡುತ್ತ ಪ್ರತಿ ಉಪಕರಣವನ್ನೂ ಒಂದೊಂದಾಗಿ ಹಾಕಿ ಆರಿಸಿ. ಮುಳ್ಳು ಅಲುಗಿದರೆ ಆ ಉಪಕರಣವನ್ನು ದೂರ ಸರಿಸಿ. ರೇಡಿಯೋ ಸ್ಪೀಕರಿನ ಅಯಸ್ಕಾಂತ ಆರಿಸಿದ್ದರೂ ಎಳೆಯುತ್ತದೆ, ಆದ್ದರಿಂದ ಅದನ್ನು ಕೂರಿಸುವ ಮೊದಲೇ ದಿಕ್ಸೂಚಿಯ ಬಳಿ ಹಿಡಿದು ನೋಡಿ.

2. ರೇಡಿಯೋವನ್ನು ಸದ್ದಿಲ್ಲದ ಚಾನೆಲ್ಲಿಗೆ ಇಟ್ಟು, ಸ್ಕ್ವೆಲ್ಚ್ ಅನ್ನು (ಹಿನ್ನೆಲೆ ಶಬ್ದ ಅಡಗಿಸುವ ಹೊಂದಾಣಿಕೆ) ಕರಕರ ಶಬ್ದ ಕೇಳಿಸುವ ಅಂಚಿಗೆ ತನ್ನಿ. ಎಲ್‌ಇಡಿ ದೀಪಗಳನ್ನು ಹೊತ್ತಿಸಿ. ಶಬ್ದ ಏರಿದರೆ ಆ ದೀಪ ನಿಮ್ಮ ರೇಡಿಯೋವನ್ನು ಕಿವುಡು ಮಾಡುತ್ತಿದೆ. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಈ ತೊಂದರೆಯ ಬಗ್ಗೆಯೇ ಸುರಕ್ಷಾ ಎಚ್ಚರಿಕೆ ಹೊರಡಿಸಿತ್ತು. ದೀಪ ಬದಲಿಸಿ ಅಥವಾ ಆಂಟೆನಾದಿಂದ ದೂರ ಒಯ್ಯಿರಿ.

3. ಗಂಟು ಹಾಕಿದ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಆಳ ಅಳೆದು ಪರದೆಯ ಅಂಕಿಗೆ ಹೋಲಿಸಿ. ಆಮೇಲೆ ವೇಗ ಏರಿಸಿ, ಎಷ್ಟು ನಾಟ್‌ನವರೆಗೆ ಅಂಕಿ ನಿಲ್ಲುತ್ತದೆ ಎಂದು ಬರೆದಿಡಿ.

4. ಎಲ್ಲ ಉಪಕರಣ ಓಡುತ್ತಿರುವಾಗ ಎಂಜಿನ್ ಸ್ಟಾರ್ಟ್ ಮಾಡಿ. ಯಾವುದೂ ಆರಬಾರದು. ರೇಡಿಯೋದ ಮಾತಾಡುವ ಗುಂಡಿ ಒತ್ತಿ ಹಿಡಿದು ಸೆಟ್ಟಿನ ಹಿಂದಿನ ತಂತಿಯಲ್ಲೇ ವೋಲ್ಟೇಜು ಅಳೆಯಿರಿ. ಬ್ಯಾಟರಿಯ ಬಳಿಯ ಅಂಕಿಯಿಂದ ಅದು ಇಳಿದಿರುವುದು 0.36 ವೋಲ್ಟ್ ಮೀರಿದ್ದರೆ ಎಲ್ಲೋ ಒಂದು ಜೋಡಣೆ ಸಡಿಲ.

5. ಗೊತ್ತಿರುವ ಇನ್ನೊಂದು ದೋಣಿಗೆ ಡಿಎಸ್‌ಸಿ ಮೂಲಕ ಮಾಮೂಲಿ ಕರೆ ಕಳಿಸಿ. ಕೆಂಪು ಗುಂಡಿಯನ್ನು ಪರೀಕ್ಷೆಗೆಂದು ಎಂದೂ ಒತ್ತಬೇಡಿ. ಅಕಸ್ಮಾತ್ ಒತ್ತಿದರೆ ಕೈಪಿಡಿಯಲ್ಲಿ ಹೇಳಿದಂತೆ ರದ್ದು ಮಾಡಿ, ಚಾನೆಲ್ 16ರಲ್ಲಿ ತಪ್ಪು ಕರೆಯೆಂದು ತಕ್ಷಣ ತಿಳಿಸಿ.

6. ಮುಖ್ಯ ಸ್ವಿಚ್ ಆರಿಸಿ, ಏನು ಉಳಿಯಿತೆಂದು ನೋಡಿ. ಉಳಿಯಬೇಕಾದದ್ದು: ದಿಕ್ಸೂಚಿ, ತೇಲುವ ಕೈಸೆಟ್ಟು, ಇಂಟರ್ನೆಟ್ ಇಲ್ಲದೆ ತೆರೆಯುವ ನಕ್ಷೆಯಿರುವ ಫೋನು, ಕಾಗದದ ನಕ್ಷೆ. ದಡ ಕಾಣದಷ್ಟು ದೂರ ಹೋಗುವವರು ಲೈಫ್ ಜಾಕೆಟ್ಟಿಗೇ ಉಪಗ್ರಹದ ಮೂಲಕ ಅಪಾಯದ ಸಂಕೇತ ಕಳಿಸುವ 406 ಮೆಗಾಹರ್ಟ್ಸ್‌ನ ವೈಯಕ್ತಿಕ ಬೀಕನ್ ಸಿಕ್ಕಿಸಿಕೊಳ್ಳಲಿ. ಅದನ್ನು ನಿಮ್ಮ ಹೆಸರಿನಲ್ಲಿ ನೋಂದಾಯಿಸಿ, ಬ್ಯಾಟರಿಯ ಅವಧಿ ಮುಗಿಯುವ ದಿನಾಂಕವನ್ನು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಡಿ.